ಕಾಕಾ ಕಮಲಾಪುರಕ್ಕೆ ಓಡಿದ್ದು

ನಮ್ಮ ಕಾಕಾ ಓಡಿದ್ದನ್ನು ಅವರ ಅರವತ್ತೆರಡನೆಯ ವಯಸ್ಸಿನವರೆಗೆ ನಮ್ಮ ಮನೆಯವರು ನೋಡಿದ್ದು ಒಂದೇ ಒಂದು ಸಲ. ಅದೂ ಬಸ್ಸಿನ ಹಿಂದೆ. ಅದೂ ಬಸ್ಸು ನಿಂತೇ ಇತ್ತು! ನಾಲ್ಕು ಹೆಜ್ಜೆ ಓಡಿ, ಮೆಟ್ಟಿಲ ಮೇಲೆ ಕಾಲಿಟ್ಟು, "ಹುಶ್, ಏನ್ ದಗದಪ್ಪಾ ಇದು" ಎಂದು ಕಂಡಕ್ಟರನ ಸೀಟಿನಲ್ಲೇ ಕೂತುಬಿಟ್ಟರಂತೆ.

ಅಂಥವರು ಮುಂದೆ ಐದು ಕಿಲೋಮೀಟರ್, ಹತ್ತು ಕಿಲೋಮೀಟರ್, ಇಪ್ಪತ್ತೊಂದು ಕಿಲೋಮೀಟರ್ ಎಂದು ಓಡಿದರು ಅಂದರೆ ನಂಬುತ್ತೀರಾ? ನಾನಂತೂ ನಂಬುತ್ತಿರಲಿಲ್ಲ. ಆದರೆ ಒಂದು ವರ್ಷ ಬೆಳಗಿನ ಐದಕ್ಕೆ ಎದ್ದು ಅವರ ಹಿಂದೆ ಸ್ಕೂಟಿ ಓಡಿಸಿದವಳು ನಾನೇ. ನಂಬದೆ ಏನು ಮಾಡಲಿ?

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೆಯ ಮನೆ. ಕೆಳಗೆ ನಾವು, ಮೇಲೆ ಕಾಕಾ ಮತ್ತು ಅವರ ಹೆಂಡತಿ ಕಾಕು. ಸರ್ವೇ ಇಲಾಖೆಯಲ್ಲಿ ಮೂವತ್ತೈದು ವರ್ಷ ಸರಪಳಿ ಹಿಡಿದು ಜಿಲ್ಲೆಯ ಹೊಲಗಳನ್ನೆಲ್ಲ ಅಳೆದು ನಿವೃತ್ತರಾದವರು. ಕೆಲಸ ಹೋಯಿತು, ಚಟ ಹೋಗಲಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತರೆ ಎಲೆಯಿಂದ ಎಲೆಗೆ ಎಷ್ಟು ಅಂತರ ಎಂದು ಗೇಣು ಹಾಕುತ್ತಾರೆ. ಒಮ್ಮೆ ತಾಟಿನಲ್ಲಿ ಬಿದ್ದ ಜೋಳದ ಭಕ್ರಿಯನ್ನು ನೋಡಿ, "ಈ ಕಡೆ ಎಂಟೂವರಿ ಇಂಚು, ಆ ಕಡೆ ಎಂಟೇ ಅದ" ಅಂದರು. ಕಾಕು ಒಲೆಯ ಮುಂದಿನಿಂದಲೇ, "ಉಣ್ಣಲಿಕ್ಕೆ ಕೂತೀರೋ ಪಂಚನಾಮಿ ಮಾಡ್ಲಿಕ್ಕೆ ಕೂತೀರೋ?" ಎಂದು ಕೇಳಿದರು.

ಕಣ್ಣು, ಟೇಪು ಎಷ್ಟು ಚುರುಕೋ ಕಾಲು ಅಷ್ಟೇ ಸೋಮಾರಿ. ಓಣಿಯ ತುದಿಯ ಹಾಲಿನ ಬೂತಿಗೂ ಆಟೋ! ಯಾವ ಕೆಲಸ ಹೇಳಿದರೂ ಒಂದೇ ಉತ್ತರ: "ಮಾಡೂಣು ತಗೋ." ನಲ್ಲಿ ಸೋರುತ್ತಿದೆ ಅಂದರೆ ಮಾಡೂಣು ತಗೋ. ಬಾಗಿಲು ಕಿರುಗುಡುತ್ತಿದೆ ಅಂದರೆ ಮಾಡೂಣು ತಗೋ. ನಾವೆಲ್ಲ ಈ ಮಾತಿಗೆ ನಗುತ್ತಿದ್ದೆವು, ಒಂದು ಶ್ರಾವಣದವರೆಗೆ.

ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಓಟದ ಹುಚ್ಚು ಎಲ್ಲಿಂದ ಬಂತೆಂದು ನಿಮಗೆ ತಿಳಿಯುವುದಿಲ್ಲ. ಕಾಕಾಗೆ ಒಬ್ಬರು ಅಕ್ಕ, ನಮ್ಮ ಅತ್ಯಾ. ಕಮಲಾಪುರದಲ್ಲಿ ಮಗ ಸೊಸೆಯ ಜೊತೆಗಿದ್ದಾರೆ, ಆಗ ಅವರಿಗೆ ಎಪ್ಪತ್ತೊಂದು ವರ್ಷ. ಪ್ರತಿ ಶ್ರಾವಣದಲ್ಲಿ ರಾಯರ ಆರಾಧನೆಗೆ ನಮ್ಮ ಮನೆಗೆ ಬಂದು ಎಂಟು ದಿನ ಇರುತ್ತಾರೆ. ನಮ್ಮ ಹಿತ್ತಲ ಬಚ್ಚಲಿಗೆ ಒಂದು ಎತ್ತರದ ಪಾವಟಿಗೆ, ಅಂದರೆ ಮೆಟ್ಟಿಲು, ಇತ್ತು. ಮಳೆಗಾಲದಲ್ಲಿ ಪಾಚಿ ಕಟ್ಟುತ್ತಿತ್ತು. "ತಮ್ಮಾ, ಈ ಪಾವಟಿಗಿ ಭಾಳ ಎತ್ತರ ಅದ, ನಡುವ ಇನ್ನೊಂದು ಕಲ್ಲು ಹಾಕ್ಸು" ಎಂದು ಅತ್ಯಾ ಮೂರು ವರ್ಷ ಹೇಳಿದರು. ಕಾಕಾ ಮೂರು ವರ್ಷವೂ "ಮಾಡೂಣು ತಗೋ ಅಕ್ಕ" ಅಂದರು. ನಾಲ್ಕನೆಯ ವರ್ಷ ಮಡಿಯಲ್ಲಿ ನೀರು ತರುವಾಗ ಅತ್ಯಾ ಆ ಪಾವಟಿಗೆಯ ಮೇಲೆ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು.

ಆಪರೇಷನ್ ಆಯಿತು. ಎಲುಬು ಕೂಡಿತು. ಡಾಕ್ಟರು, "ಅಮ್ಮಾ, ಇನ್ನ ನೀವು ನಡೀಬೇಕು, ನಡದಷ್ಟೂ ಚಲೋ" ಎಂದು ವಾಕರ್ ಬರೆದುಕೊಟ್ಟರು. ಅತ್ಯಾ ಕಮಲಾಪುರದ ಮನೆಯ ಮಂಚದ ಮೇಲೆ ಕೂತವರು ಏಳಲಿಲ್ಲ. ನೋವಲ್ಲ, ಹೆದರಿಕೆ. "ಮತ್ತ ಬೀಳ್ತೀನಿ. ಈ ಸಲ ಬಿದ್ರ ಏಳೂದಿಲ್ಲ" ಎಂದು ಒಂದೇ ಹಟ. ಕಾಕಾಗೆ ಮಾತ್ರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಕಾಕಾ ಬೇಗ ಸುಧಾರಿಸಿಕೊಳ್ಳುತ್ತಿದ್ದರೋ ಏನೋ. ಅತ್ಯಾ ಬಿದ್ದ ಮರುದಿನವೇ ಕಾಕಾ ಗೌಂಡಿಯನ್ನು ಕರೆಸಿ ಒಂದು ಪಾವಟಿಗೆಯನ್ನು ಮೂರು ಮಾಡಿಸಿದರು, ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದರು. ಆಮೇಲೆ ಅದರ ಮೇಲೆಯೇ ಕೂತಿದ್ದರು. ನಾನು ಹೋದಾಗ, "ಹದಿನಾಲ್ಕು ಇಂಚು ಇತ್ತು ನೋಡು ಅದು. ಊರ ಮಂದಿ ಹೊಲ ಎಲ್ಲಾ ಅಳದೀನಿ, ಇದನ್ನ ಅಳೀಲಿಲ್ಲ" ಅಂದರು. ಅತ್ಯಾಳ ಮುಂದೆ ಮಾತ್ರ ಪಾವಟಿಗೆಯ ಸುದ್ದಿಯನ್ನು ತೆಗೆಯುವ ಧೈರ್ಯ ಅವರಿಗೆ ಆಗಲೇ ಇಲ್ಲ.

ಆ ದೀಪಾವಳಿಯ ಭಾವಬೀಜಕ್ಕೆ ನಾವೆಲ್ಲ ಕಮಲಾಪುರಕ್ಕೆ ಹೋದೆವು. ಅಕ್ಕ ತಮ್ಮನಿಗೆ ಆರತಿ ಮಾಡುವ ಹಬ್ಬ. ಪ್ರತಿ ವರ್ಷ ಹೊಸ್ತಿಲಲ್ಲಿ ನಿಂತು ಸ್ವಾಗತಿಸುತ್ತಿದ್ದ ಅತ್ಯಾ ಆ ವರ್ಷ ಮಂಚದ ಮೇಲೆ ಕೂತೇ ಆರತಿ ಮಾಡಿದರು. ಕಾಕಾ ತಟ್ಟೆಯಲ್ಲಿ ಇಳಕಲ್ ಸೀರೆ ಇಟ್ಟರು.

"ಇದನ್ನ ಉಟಗೊಂಡು ಎಲ್ಲಿಗೆ ಹೋಗ್ಲೋ?" ಎಂದರು ಅತ್ಯಾ.

"ನಡಿ ಅಕ್ಕಾ. ವಾಕರ್ ಹಿಡಕೊಂಡು ಬಾಗಲತನ ನಡಿ ಸಾಕು."

"ಯಾರು ಹೇಳ್ಲಿಕ್ಕತ್ತಾರ ನೋಡ್ರಿ! ಹಾಲು ತರಲಿಕ್ಕೆ ಆಟೋ ಬೇಕು ನಿನಗ. ನೀ ಕಲಬುರ್ಗಿಂದ ಇಲ್ಲಿತನ ನಿನ್ನ ಕಾಲಿಲೆ ಓಡಿ ಬಾ. ಅವತ್ತ ನಾನೂ ನಡೀತೀನಿ."

ಎಲ್ಲರೂ ನಕ್ಕೆವು. ಸೊಸೆ ನಕ್ಕಳು, ಕಾಕು ನಕ್ಕರು, ಅತ್ಯಾಳೇ ಎಷ್ಟೋ ದಿನದ ಮೇಲೆ ನಕ್ಕರು. ಕಾಕಾ ನಗಲಿಲ್ಲ. ಅಂಗೈ ಮುಂದೆ ಚಾಚಿ, "ಮಾತು ಕೊಡು. ಬರೋ ವರ್ಷ ತುಳಸಿ ಲಗ್ನದೊಳಗ ಬರ್ತೀನಿ" ಅಂದರು. ಅತ್ಯಾ ತಮಾಷೆಗೆ ಕೈಮೇಲೆ ಕೈಹಾಕಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕು ಮೆಲ್ಲಗೆ, "ಮೂವತ್ತೇಳು ಕಿಲೋಮೀಟರ್ ಅದರೀ" ಅಂದರು.

"ಬಾಗಲಿಂದ ಬಾಗಲಿಗೆ ಮೂವತ್ತೇಳೂ ಚಿಲ್ಲರೆ" ಎಂದರು ಕಾಕಾ.

ಈ ಸಲ 'ಮಾಡೂಣು ತಗೋ' ಬರಲಿಲ್ಲ. ಮರುದಿನ ಐದಕ್ಕೇ ಎದ್ದು ಹೊರಟರು. ಕಾಕು ನನ್ನನ್ನು ಎಬ್ಬಿಸಿ, "ಸ್ಕೂಟಿ ತಗೊಂಡು ಹಿಂದ ಹೋಗವಾ. ಬಿದ್ರ ಎತ್ತಗೊಂಡು ಬಾ" ಅಂದರು. ಹೀಗೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ, ನಲವತ್ನಾಲ್ಕು ವರ್ಷದ, ಎರಡು ಮಕ್ಕಳ ತಾಯಿಯಾದ ನಾನು ಆಂಬ್ಯುಲೆನ್ಸ್ ಆದೆ. ಮೊದಲ ದಿನ ಕೋಟೆಯವರೆಗೆ ಎಂದು ಹೊರಟವರು ಹಾಲಿನ ಬೂತಿನ ಮುಂದಿನ ಖಾಲಿ ಕ್ರೇಟಿನ ಮೇಲೆ ಕೂತರು. "ಇಷ್ಟು ದೂರ ಯಾವಾಗ ಆತು ಇದು?" ಎಂದು ನನ್ನನ್ನೇ ಕೇಳಿದರು.

ಉಡುಪಿನದು ಇನ್ನೊಂದು ಕಥೆ. ಧೋತರ ಉಟ್ಟು ಓಡಿದರೆ ಕಾಲಿಗೆ ಸಿಕ್ಕುತ್ತದೆ. ಚಡ್ಡಿ ಹಾಕೋಣವೆಂದರೆ ಕಾಕು, "ಗೋಪೀಚಂದನ ಹಚ್ಚಿಕೊಂಡು ಚಡ್ಡಿ ಮ್ಯಾಲೆ ಓಣ್ಯಾಗ ಹೊಂಟ್ರ ನಾ ತವರಿಗೆ ಹೋಗ್ತೀನಿ" ಎಂದು ನೋಟಿಸು ಕೊಟ್ಟರು. ಕೊನೆಗೆ ರಾಜಿಯಾಯಿತು. ಚಡ್ಡಿಯ ಮೇಲೆ ಧೋತರ ಉಟ್ಟು ಓಣಿ ದಾಟುವುದು, ತಿರುವಿನಲ್ಲಿ ಧೋತರ ಬಿಚ್ಚಿ ನನ್ನ ಸ್ಕೂಟಿಯ ಡಿಕ್ಕಿಗೆ ಹಾಕುವುದು. ಆ ಅವತಾರದಲ್ಲಿ ರೋಜಾ ಬಡಾವಣೆಯ ಕಡೆಗೆ ಓಡಿದ ಮೊದಲ ದಿನ ಚಹಾದಂಗಡಿಯ ಚಾಚಾ ಕೆಟಲ್ ಹಿಡಿದೇ ರಸ್ತೆಗೆ ಬಂದರು. "ಅರೇ ಪಂಡಿತ್‌ಜೀ, ಕ್ಯಾ ಹುವಾ? ಯಾರ್ ಬೆನ್ನ ಹತ್ಯಾರ್ರಿ? ಪೊಲೀಸ್‌ಕು ಫೋನ್ ಕರೂಂ ಕ್ಯಾ?" ಹಿಂದೆ ಸ್ಕೂಟಿಯ ಮೇಲೆ ಧೋತರದ ತುದಿ ಹಾರಿಸುತ್ತ ಬರುತ್ತಿದ್ದ ನನ್ನನ್ನು ನೋಡಿದ ಮೇಲೆ ಅವರ ಅನುಮಾನ ಗಟ್ಟಿಯೇ ಆಯಿತು. ಸಮಜಾಯಿಷಿ ಕೊಟ್ಟು, ಎರಡು ಚಹಾ ಕುಡಿದು ಬಂದೆವು.

ತಿಂಗಳೊಪ್ಪತ್ತಿನಲ್ಲಿ ಕಾಕಾ ಊರಿನ ಓಟಗಾರರ ಗುಂಪು ಸೇರಿದರು. ಅದರ ಮುಂದಾಳು ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬ ಸಾವ್ಕಾರರು. ಒಳ್ಳೆಯ ಮನುಷ್ಯ, ದೊಡ್ಡ ಓಟಗಾರ. ಅವರೇ ಕಾಕಾಗೆ ಬೂಟು ಆರಿಸಿಕೊಟ್ಟರು, ಕೈಗೆ ದೂರ ತೋರಿಸುವ ಗಡಿಯಾರ ಕಟ್ಟಿದರು. ತಪ್ಪಾದದ್ದು ಅಲ್ಲೇ! ಕಾಕಾಗೆ ಗಡಿಯಾರದ ಮೇಲೆ ನಂಬಿಕೆ ಬರಲಿಲ್ಲ. "ಆಕಾಶದಾಗಿಂದ ಅಳೀತದಂತ. ನೆಲಾ ಅಳೀಬೇಕಾದ್ರ ನೆಲದ ಮ್ಯಾಲೆ ನಿಂದ್ರಬೇಕು." ಓಡುವ ದಾರಿ ಅಳೆಯಲು ಅಟ್ಟದ ಮೇಲಿದ್ದ ಹಳೆಯ ಸರಪಳಿ ಇಳಿಯಿತು. ಒಂದು ತುದಿ ಕಾಕಾನ ಕೈಯಲ್ಲಿ, ಇನ್ನೊಂದು ತುದಿ ಯಾರ ಕೈಯಲ್ಲಿ? ಮತ್ತೆ ಯಾರು, ನನ್ನ ಕೈಯಲ್ಲೇ!

ಬೆಳಗಿನ ಆರಕ್ಕೆ ಸೂಪರ್ ಮಾರ್ಕೆಟ್‌ನಲ್ಲಿ ನಾವಿಬ್ಬರೂ ಸರಪಳಿ ಎಳೆಯುತ್ತಿದ್ದೆವು. ತರಕಾರಿಯವರು ಕೇಳಿದರು, "ಏನ್ ನಡಸೀರಿ ಸಾಹೇಬ್ರ?" ಕಾಕಾ ಕತ್ತೆತ್ತದೆ, "ಅಳ್ಯಾಕತ್ತೀವ್ರಿ" ಅಂದರು. ಅಷ್ಟೇ! ರಸ್ತೆ ಅಗಲ ಮಾಡುತ್ತಾರಂತೆ, ಸರ್ವೇದವರು ಬಂದಾರಂತೆ ಎಂದು ಸುದ್ದಿ ನಾವು ಹೋಗುವ ಮೊದಲೇ ಮುಂದಿನ ಸರ್ಕಲ್ಲಿಗೆ ಹೋಗಿತ್ತು. ಒಬ್ಬರು ಓಡಿ ಬಂದು, "ಸಾಹೇಬ್ರ, ನಮ್ಮ ಕಟ್ಟಿ ಉಳೀತದೇನ್ರಿ?" ಎಂದು ಕೈಮುಗಿದರು. ಇನ್ನೊಬ್ಬರು ಕೇಳದೆಯೇ ರಸ್ತೆಗೆ ಚಾಚಿದ್ದ ತಮ್ಮ ಪಾತ್ರೆಯ ಸಾಲನ್ನು ಎರಡು ಮಾರು ಒಳಗೆ ಎಳೆದುಕೊಂಡರು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, "ಮೇಡಂ, ನೀವು ಕಾಲೇಜ್ ಬಿಟ್ಟ್ರೇನ್ರಿ?" ಎಂದು ಮರುಕದಿಂದ ಕೇಳಿದರು. ಮುಂದೆ ಒಂದು ವಾರ ಆ ರಸ್ತೆಯಲ್ಲಿ ಆಟೋಗಳು ಸಲೀಸಾಗಿ ಓಡಾಡಿದವು. ಕಲಬುರಗಿಗೆ ಕಾಕಾನ ಓಟದಿಂದ ಆದ ಉಪಕಾರ ಅದೊಂದೇ ಎನ್ನಬೇಕು.

ಸಂಕ್ರಾಂತಿ ಕಳೆದ ಮೇಲೆ ಐದು ಕಿಲೋಮೀಟರಿನ ಓಟ ಬಂತು. ಕಾಕಾ ಹಿಂದಿನ ದಿನವೇ ದಾರಿಯನ್ನೆಲ್ಲ ಅಳೆದು ಬಂದಿದ್ದರು. ಓಟದ ದಿನ ಕೊನೆಯ ಕಮಾನು ದಾಟಿದರು. ಪದಕ ಹಿಡಿದು ನಿಂತಿದ್ದವರು ಕೊರಳಿಗೆ ಹಾಕಲು ಕೈ ಎತ್ತಿದರೆ ಕಾಕಾ ಅವರನ್ನೂ ದಾಟಿ ಮುಂದೆ ಓಡಿದರು! "ಅಜ್ಜಾರ, ಮುಗೀತ್ರೀ!" ಎಂದು ಮಂದಿ ಕೂಗಿದರು. ಕಾಕಾ ಇಡ್ಲಿ ಬಂಡಿಯ ಹತ್ತಿರ ತಿರುಗಿ ವಾಪಸು ಬಂದು, ಏದುಸಿರು ಬಿಡುತ್ತ, "ನಿಮ್ಮ ಐದು ಕಿಲೋಮೀಟರ್‌ದಾಗ ನೂರಾ ನಲವತ್ತು ಮೀಟರ್ ಕಡಿಮಿ ಅದ. ನಾ ನನ್ನ ಪೂರ್ತಿ ಓಡೀನಿ" ಅಂದು ಪದಕ ತೆಗೆದುಕೊಂಡರು. ಬಂದವರಿಗೆಲ್ಲ ಪದಕವಿತ್ತು, ಆ ಮಾತು ಬೇರೆ. ಸಂಜೆ ಅತ್ಯಾಗೆ ಫೋನು ಹೋಯಿತು.

"ಅಕ್ಕಾ, ಐದು ಆತು."

"ಇನ್ನ ಮೂವತ್ತೆರಡು ಅದ" ಅಂದರು ಅತ್ಯಾ.

"ಚಿಲ್ಲರೆ ಬಿಟ್ಟಿ ನೀ" ಅಂದರು ಕಾಕಾ.

ಹತ್ತು ಕಿಲೋಮೀಟರಿನ ಓಟ ಬಂದದ್ದು ದ್ವಾದಶಿಯ ದಿನ. ನಮ್ಮ ಮನೆಯಲ್ಲಿ ಏಕಾದಶಿ ಅಂದರೆ ಹನಿ ನೀರೂ ಇಲ್ಲದ ಉಪವಾಸ. ದ್ವಾದಶಿ ಬೆಳಗಾಗುವ ಹೊತ್ತಿಗೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಸಾವ್ಕಾರರು ಒಂದು ಬಾಳೆಹಣ್ಣು ತಿಂದು ಬನ್ನಿ ಎಂದಿದ್ದರು. ಆದರೆ ಕಾಕು ಮೂರೂವರೆಗೇ ಎದ್ದು ಅನ್ನ, ಸಾರು, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ಪಾಯಸ ಎಲ್ಲ ಮಾಡಿ ಬಾಳೆ ಎಲೆ ಹಾಕಿಬಿಟ್ಟಿದ್ದರು. ದ್ವಾದಶಿಯ ಎಲೆಯಲ್ಲಿ ಬಿಡುವ ಹಾಗಿಲ್ಲ. ಕಾಕಾ ಬಿಡುವವರೂ ಅಲ್ಲ, ಪಾಯಸವಂತೂ ಎರಡು ಸಲ ಹಾಕಿಸಿಕೊಂಡರು. ಐದೂವರೆಗೆ ಓಟ ಶುರುವಾಯಿತು. ಮೂರನೆಯ ಕಿಲೋಮೀಟರಿಗೆ ಹೊಟ್ಟೆಯ ಮೇಲೆ ಕೈ ಬಂತು. ನಾಲ್ಕನೆಯದರಲ್ಲಿ ನೀರು ಕೊಡುವವರ ಮೇಜಿನ ಮುಂದೆ ನಿಂತು, "ಮಜ್ಜಿಗಿ ಅದ ಏನ್ರಿ? ಸ್ವಲ್ಪ ಇಂಗು ಹಾಕಿದ್ದು?" ಎಂದು ಕೇಳಿದರು. ಉಳಿದ ಆರು ಕಿಲೋಮೀಟರನ್ನು ಗರ್ಭಿಣಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಡೆದು ಮುಗಿಸಿದರು. ಅವತ್ತು ಮನೆಗೆ ಬಂದವರೇ, "ಇನ್ನ ಮ್ಯಾಲೆ ದೂರದ ಓಟ ಅಂದ್ರ ಖಾಲಿ ಹೊಟ್ಟಿ" ಎಂದು ತೀರ್ಮಾನ ಮಾಡಿದರು. ಈ ತೀರ್ಮಾನ ಮುಂದೆ ನಮ್ಮನ್ನೆಲ್ಲ ನಡುರಸ್ತೆಯಲ್ಲಿ ಕೂರಿಸಿತು.

ಬೇಸಿಗೆ ಬಂತು. ಕಲಬುರಗಿಯ ಬೇಸಿಗೆಯನ್ನು ನಾನು ನಿಮಗೆ ವರ್ಣಿಸಬೇಕೇ? ಬೆಳಗಿನ ಏಳಕ್ಕೇ ಡಾಂಬರು ಬೂಟಿಗೆ ಅಂಟುತ್ತದೆ. ಕಾಕಾ ಮಾಳಿಗೆಯ ಮೇಲೆ ಓಡತೊಡಗಿದರು. ಅಲ್ಲಿ ಕಾಕುವಿನ ಸಂಡಿಗೆ, ಹಪ್ಪಳ. ಒಂದು ವಾರ ಇಬ್ಬರೂ ಗಡಿ ಹಾಕಿಕೊಂಡು ಹೇಗೋ ಬಾಳಿದರು. ಆಮೇಲೆ ಒಂದು ದಿನ ಅಕ್ಕಿ ಸಂಡಿಗೆಯ ಮೇಲೆ ಒಂಬತ್ತು ನಂಬರಿನ ಬೂಟಿನ ಗುರುತು ಬಿತ್ತು. ಆ ಸಂಡಿಗೆಯನ್ನು ಕಾಕು ಬೇರೆ ಡಬ್ಬಿಯಲ್ಲಿಟ್ಟು ವರ್ಷವಿಡೀ ಕಾಕಾಗಷ್ಟೇ ಕರಿದು ಬಡಿಸಿದರು.

ಅದೇ ಬೇಸಿಗೆಯಲ್ಲಿ ನಾನು ಕಮಲಾಪುರಕ್ಕೆ ಹೋಗಿ ಬಂದೆ. ವಾಕರಿನ ಮೇಲೆ ಅತ್ಯಾಳ ಮಡಿಸೀರೆ ಒಣಗುತ್ತಿತ್ತು. ಸೊಸೆ ನನ್ನನ್ನು ಪಕ್ಕಕ್ಕೆ ಕರೆದು, "ಡಾಕ್ಟರ್ ಬಂದು ನೋಡಿದ್ರು. ಕಾಲು ಸಣ್ಣ ಆಗ್ಲಿಕ್ಕತ್ತದ ಅಂದ್ರು. ಇನ್ನಾರು ತಿಂಗಳು ಹಿಂಗ ಕೂತ್ರ ಆಮ್ಯಾಲೆ ಮನಸ್ಸು ಮಾಡಿದ್ರೂ ನಡೀಲಿಕ್ಕೆ ಆಗೂದಿಲ್ಲಂತ" ಎಂದಳು. ಬಂದು ಕಾಕಾಗೆ ಹೇಳಿದೆ. ಅವತ್ತು ಸಂಜೆಯ ಬಿಸಿಲಲ್ಲೇ ಬೂಟು ಕಟ್ಟಿಕೊಂಡು ಹೊರಟರು. ಕಾಕು ತಡೆಯಲೂ ಇಲ್ಲ.

ಮಳೆಗಾಲದಲ್ಲಿ ಅಸಲಿ ತರಬೇತಿ ಶುರುವಾಯಿತು. ಅದರ ಜೊತೆಗೆ ಚಾತುರ್ಮಾಸವೂ ಶುರುವಾಯಿತು! ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳ ವ್ರತ. ತಿಂಗಳಿಗೊಂದು ಪದಾರ್ಥ ಬಿಡಬೇಕು. ಸಾವ್ಕಾರರಿಗೆ ಇದು ಹೊಸದು, ಅವರ ಮನೆಯಲ್ಲಿ ಈ ಪದ್ಧತಿ ಇಲ್ಲ. ಅವರು ಮೊದಲ ತಿಂಗಳು, "ಕಾಯಿಪಲ್ಯ ಭರಪೂರ ತಿನ್ರಿ" ಅಂದರು. ಅದು ಕಾಯಿಪಲ್ಯ ಬಿಡುವ ತಿಂಗಳು. ಎರಡನೆಯ ತಿಂಗಳು, "ಮೊಸರು ತಗೋರಿ, ಹೊಟ್ಟಿಗೆ ತಂಪು" ಅಂದರು. ಮೊಸರು ಬಿಟ್ಟಾಗಿತ್ತು. ಮೂರನೆಯ ತಿಂಗಳು ಬೆಳಗ್ಗೆ ಸಂಜೆ ಹಾಲು ಅಂದರು. ಹಾಲಿನ ಸರದಿ ಬಂದಿತ್ತು. ನಾಲ್ಕನೆಯ ತಿಂಗಳು ಪಾಪ, ಅವರು ಸೋತ ದನಿಯಲ್ಲಿ, "ಬ್ಯಾಳಿ ಅರ ತಿಂತೀರಲ್ರಿ?" ಎಂದು ಕೇಳಿದರು.

"ಈ ತಿಂಗಳು ಬ್ಯಾಳಿ ಇಲ್ರಿ."

"ಏನ್ರೀ ಇದು! ತೊಗರಿ ಬೆಳಿಯೋ ಜಿಲ್ಲಾದಾಗ ಕುಂತು ತೊಗರಿ ಬ್ಯಾಳಿ ಬ್ಯಾಡ ಅಂತೀರಲ್ಲ! ಹಂಗಾರ ನೀವು ಏನ್ ತಿಂದು ಓಡಾಕತ್ತೀರಿ?"

ಫೋನು ಸ್ಪೀಕರಿನಲ್ಲಿತ್ತು. ಕಾಕು ಒಳಗಿನಿಂದ, "ಬೈಗಳ ತಿಂದು ಓಡ್ತಾರ್ರೀ!" ಎಂದು ಕೂಗಿದರು.

ಇಪ್ಪತ್ತೊಂದು ಕಿಲೋಮೀಟರಿನ ಓಟ ಹಾಲು ಬಿಟ್ಟ ತಿಂಗಳಲ್ಲಿ ಆಯಿತು. ಕಾಕಾ ಎಲ್ಲರಿಗಿಂತ ಹಿಂದೆ ಇದ್ದರು. ಅವರ ಹಿಂದೆ ನಿಜವಾದ ಆಂಬ್ಯುಲೆನ್ಸ್, ಅದರ ಹಿಂದೆ ನಾನು. ಆಂಬ್ಯುಲೆನ್ಸಿನ ಡ್ರೈವರು ಎರಡು ಸಲ ಕಿಟಕಿಯಿಂದ ಕತ್ತು ಹಾಕಿ, "ಹತ್ತ್ರಿ ಅಜ್ಜಾರ, ಹತ್ತ್ರಿ" ಎಂದು ಕರೆದ. ಆಮೇಲೆ ಬೇಸತ್ತು ಮುಂದೆ ಹೋಗಲು ನೋಡಿದ. ಕಾಕಾ ಎರಡೂ ಕೈ ಅಗಲಿಸಿ ಅಡ್ಡ ನಿಂತರು. "ನೀ ಮುಂದ ಹೋದ್ರ ಲಾಸ್ಟ್ ನಾ ಆಗ್ತೀನಿ. ಹಿಂದ ಇರು!" ಕಮಾನು ಬಿಚ್ಚುವ ಹೊತ್ತಿಗೆ ಮುಟ್ಟಿದರು. ಕೊನೆಯವನು ಆಂ‌ಬ್ಯುಲೆನ್ಸ್ ಡ್ರೈವರ್ ಎಂದೇ ಇವತ್ತಿಗೂ ಹೇಳುತ್ತಾರೆ.

ಇನ್ನು ಉಳಿದದ್ದು ಕಮಲಾಪುರ. ಆ ಓಟಕ್ಕೆ ಕಮಾನು ಇಲ್ಲ, ಪದಕ ಇಲ್ಲ, ಓಡುವವರು ಒಬ್ಬರೇ. ದೀಪಾವಳಿಗೆ ಹೋಗಬೇಕೆಂದಿದ್ದರು; ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಹತ್ತು ದಿನ ಕೂರಬೇಕಾಯಿತು. ಭಾವಬೀಜವೂ ಹೋಯಿತು. ಕೊಟ್ಟ ಮಾತಿನ ಕೊನೆಯ ದಿನ, ತುಳಸಿ ಲಗ್ನದ ದ್ವಾದಶಿಯೇ ಉಳಿಯಿತು. ಅಂದರೆ ಅದರ ಹಿಂದಿನ ದಿನ ಕಾರ್ತಿಕದ ಏಕಾದಶಿ! ಸಾವ್ಕಾರರು, "ಹಿಂದಿನ ದಿವಸ ಹೊಟ್ಟಿ ಬಿರಿಯೋಹಂಗ ಉಣ್ರಿ, ಅಂದ್ರ ಮರುದಿನ ಕಾಲಾಗ ಕಸುವು ಇರತದ" ಎಂದು ಮೂರು ಸಲ ಹೇಳಿದ್ದರು. ಕಾಕಾ ಅಂದು ನೀರೂ ಮುಟ್ಟಲಿಲ್ಲ.

"ಪಾರಣಿ ಮಾಡಿ ಹೊರಡ್ರಿ" ಎಂದು ಕಾಕು ಅಂಗಲಾಚಿದರು.

"ಹಿಂದ ಉಂಡು ಓಡಿದ್ದು ನೆನಪಿಲ್ಲೇನು? ಅಕ್ಕನ ಮನ್ಯಾಗ ಪಾರಣಿ."

ಅತ್ಯಾಳೂ ಫೋನಿನಲ್ಲಿ ಅದನ್ನೇ ಹೇಳಿದ್ದರು. "ನೀ ಬಂದ ಮ್ಯಾಲೇ ನಾ ತುತ್ತು ಮುಟ್ಟತೀನಿ. ಒಂಬತ್ತರೊಳಗ ಪಾರಣಿ ಆಗಬೇಕು ನೋಡು." ಎಪ್ಪತ್ತೆರಡು ತುಂಬಿದವರು, ಹಿಂದಿನ ದಿನ ಹನಿ ನೀರು ಕುಡಿದಿಲ್ಲ. ಇಬ್ಬರಿಗೂ ಬುದ್ಧಿ ಹೇಳುವವರು ಯಾರು?

ಬೆಳಗಿನ ಜಾವ ಎರಡಕ್ಕೇ ಹೊರಟೆವು. ಮುಂದೆ ಕಾಕಾ, ಹಿಂದೆ ಸ್ಕೂಟಿಯ ಮೇಲೆ ನಾನು, ನನ್ನ ಹಿಂದೆ ಕಾಕು. ಮೂವರದೂ ಉಪವಾಸ ಎಂದು ಕಾಕು ತಿಳಿದಿದ್ದರು. ನಾನು ಸಾಬೂದಾಣಿ ತಿಂದಿದ್ದೆ, ದಯವಿಟ್ಟು ಅವರಿಗೆ ಹೇಳಬೇಡಿ. ಹುಮನಾಬಾದ್ ರಸ್ತೆ ಹಿಡಿದು ಕಾಕಾ ಚೆನ್ನಾಗಿಯೇ ಓಡಿದರು. ಪ್ರತಿ ಕಿಲೋಮೀಟರ್ ಕಲ್ಲಿಗೂ ಕೈ ಮುಟ್ಟಿಸಿ ಮುಂದೆ ಹೋಗುತ್ತಿದ್ದರು. ಮಹಾಗಾಂವ ಕ್ರಾಸ್ ದಾಟುವ ಹೊತ್ತಿಗೆ ಬಿಸಿಲು ಬಂತು. ಎರಡೂ ಕಡೆ ತೊಗರಿ ಹೊಲ, ಹಳದಿ ಹೂವು. ಕಾಕಾನ ತುಟಿ ಒಣಗಿತ್ತು. ಓಟ ಹೋಗಿ ನಡಿಗೆಯಾಯಿತು, ಆಮೇಲೆ ಕುಂಟು. ಕಮಲಾಪುರ ನಾಲ್ಕು ಎಂಬ ಕಲ್ಲಿನ ಹತ್ತಿರ ಎಡಗಾಲಿನ ಮೀನಖಂಡ ಸೆಟೆದುಕೊಂಡು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಎಂಟೂಕಾಲು ಆಗಿತ್ತು.

ಎದ್ದರು, ಎರಡು ಹೆಜ್ಜೆ ಇಟ್ಟರು, ಕೂತರು. ಮತ್ತೆ ಏಳಲು ನೋಡಿದರು, ಆಗಲಿಲ್ಲ.

"ಸ್ಕೂಟಿ ಮ್ಯಾಲೆ ಕೂಡ್ರಿ. ನಾ ಇಳೀತೀನಿ. ಊರ ಮುಂದ ಇಳದು ನಡಕೋತ ಹೋಗ್ರಿ. ಯಾರು ನೋಡ್ತಾರ?" ಎಂದರು ಕಾಕು. ಅವರ ಕಣ್ಣಲ್ಲಿ ನೀರಿತ್ತು.

"ಅಕ್ಕನ ಮುಂದ ಸುಳ್ಳು ಹೇಳ್ಲ್ಯಾ?"

"ನೀರರ ಕುಡೀರಿ!"

"ಅಕಿ ಕುಡದಿಲ್ಲ." ಹಾಗೆಂದು ಕಾಲು ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತರು. "ನಾ ಹೋಗಲಿಲ್ಲಂದ್ರ ಅಕಿ ನಡೆಯೂದಿಲ್ಲ. ಮುಗೀತು. ಅಕಿನ್ನ ಬೀಳಸಿದವನೂ ನಾನೇ, ಕೂಡಿಸಿದವನೂ ನಾನೇ."

ನಾನು ದೂರ ಹೋಗಿ ಸೊಸೆಗೆ ಫೋನು ಮಾಡಿದೆ. ನಾಲ್ಕನೆಯ ಕಲ್ಲಿನ ಹತ್ತಿರ ಕೂತಿದ್ದಾರೆ, ಏಳಲಾಗುತ್ತಿಲ್ಲ, ಗಾಡಿ ಹತ್ತುತ್ತಿಲ್ಲ, ನೀರೂ ಕುಡಿಯುತ್ತಿಲ್ಲ, ಅತ್ಯಾಗೆ ಪಾರಣೆ ಮಾಡಿಸಿಬಿಡು ಎಂದೆ. ಹಿಂದಿನಿಂದ ಅತ್ಯಾಳ ದನಿ ಕೇಳಿತು, "ಏನಂತ? ಎಲ್ಲಿದ್ದಾನಂತ?" ಆಮೇಲೆ ಫೋನು ಕಟ್ಟಾಯಿತು.

ಅರ್ಧ ಗಂಟೆಯೊಳಗೆ ಕಮಲಾಪುರದ ಕಡೆಯಿಂದ ಒಂದು ಆಟೋ ಬಂದು ರಸ್ತೆಯ ಆಚೆ ನಿಂತಿತು. ಮೊದಲು ಸೊಸೆ ಇಳಿದಳು. ಆಮೇಲೆ ವಾಕರ್ ಇಳಿಯಿತು. ಆಮೇಲೆ ಸೊಸೆಯ ಹೆಗಲು ಹಿಡಿದು ಅತ್ಯಾ ಇಳಿದರು. ಕಾಕಾ ಗಾಬರಿಯಾಗಿ ಏಳಲು ಹೋದರು.

"ಅಲ್ಲೇ ಕೂಡು!" ಎಂದು ಅತ್ಯಾ ರಸ್ತೆಯ ಆಚೆಯಿಂದಲೇ ಗದರಿದರು. ಹಿಡಿಯಲು ಬಂದ ಸೊಸೆಗೂ, "ಬಿಡು ನೀ. ಡಬ್ಬಿ ತಗೊಂಡು ಬಾ" ಎಂದರು.

ಆಟೋದವ ನಡುರಸ್ತೆಗೆ ಬಂದು ಎರಡೂ ಕಡೆಯ ಲಾರಿಗಳಿಗೆ ಕೈಮಾಡಿ ನಿಲ್ಲಿಸಿದ. ಅತ್ಯಾ ವಾಕರನ್ನು ಮುಂದೆ ಇಟ್ಟರು, ಕಾಲು ಎಳೆದರು, ಮತ್ತೆ ಮುಂದೆ ಇಟ್ಟರು. ನಡುವೆ ಒಂದು ಕಡೆ ನಿಂತು ಕಣ್ಣು ಮುಚ್ಚಿಕೊಂಡರು. ಯಾವ ಲಾರಿಯವನೂ ಹಾರ್ನ್ ಹಾಕಲಿಲ್ಲ. ಮತ್ತೆ ಕಣ್ಣು ತೆರೆದು, ಮೋರಿಯ ಮೇಲೆ ಕೂತ ತಮ್ಮನನ್ನೇ ನೋಡುತ್ತ ಬಂದು ಮುಟ್ಟಿದರು.

"ಅಕ್ಕಾ, ನಾ ಬರಲಿಲ್ಲ" ಎಂದರು ಕಾಕಾ.

"ನಾ ಬಂದೀನಲ್ಲ. ಬಾಯಿ ತಗಿ." ಸೊಸೆಯ ಕೈಯಲ್ಲಿದ್ದ ಬಟ್ಟಲಿನಿಂದ ತೀರ್ಥ ಹಾಕಿದರು. ತಾವೂ ತೆಗೆದುಕೊಂಡರು. ಹೊರಗೆ ನೀರು ಕೂಡ ಮುಟ್ಟದ ನಮ್ಮ ಅತ್ಯಾ, ಲಾರಿಯ ಧೂಳಿನ ನಡುವೆ ಡಬ್ಬಿಯ ಮುಚ್ಚಳ ತೆಗೆಸಿದರು.

ಕಾಕಾ ಮುಖ ತಗ್ಗಿಸಿ, "ಅಕ್ಕಾ, ಆ ಪಾವಟಿಗಿ ನಾ ಮಾಡಸಬೇಕಾಗಿತ್ತು. ನೀ ಮೂರು ವರ್ಷ ಹೇಳಿದ್ದಿ" ಅಂದರು.

"ಹೌದು, ಹೇಳಿದ್ದೆ" ಎಂದರು ಅತ್ಯಾ. "ಸಿಟ್ಟು ಬಂದಿತ್ತು ನನಗ. ನೀ ಒಂದು ಮಾತು ಅಂತೀದಿ ಅಂತ ಕಾಯಕೋತ ಕೂತಿದ್ದೆ. ನೀ ಊರೆಲ್ಲಾ ಓಡಿದಿ, ಇದೊಂದು ಮಾತು ಆಡಲಿಲ್ಲ. ಈಗ ಆಡಿದ್ಯಲ್ಲ, ಆತು. ಉಣ್ಣು."

ಕಾಕಾ ಬಾಯಿ ತೆರೆದರು. ಅತ್ಯಾ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯಿಂದ ಅನ್ನ ಸಾರು ಕಲಸಿ ತುತ್ತು ಇಡತೊಡಗಿದರು. ಸೊಸೆ, "ಅತ್ತಿ, ಕೂಡ್ರಿ, ಕಟ್ಟಿ ಮ್ಯಾಲೆ ಜಾಗಾ ಅದ" ಎಂದು ಎರಡು ಸಲ ಅಂದಳು. ಅತ್ಯಾ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತಮ್ಮ ಉಂಡು ಮುಗಿಸುವವರೆಗೂ ತನ್ನ ಕಾಲ ಮೇಲೆ ನಿಂತೇ ಇದ್ದರು.